ಬೀರಪ್ಪ ಹಾಕದೆ ಬಿಟ್ಟ ಫ್ಯೂಸು

ಗೋಕುಲ ರಸ್ತೆಯಲ್ಲಿ ಕಾರಿಗೆ ಸೌಂಡ್ ಹಾಕುವ ಅಂಗಡಿಗಳು ಐದಾರು ಇದ್ದರೂ ಬೀರಪ್ಪನ ಹತ್ತಿರ ಬರುವ ಗಿರಾಕಿಗಳೇ ಬೇರೆ. ಸಿಗ್ನಲ್ಲಿಗೆ ನಿಂತಾಗ ಪಕ್ಕದ ಗಾಡಿಯ ಗಾಜು ಅದುರಬೇಕು ಅನ್ನುವವರನ್ನು ಅವನೇ ಮುಂದಿನ ಅಂಗಡಿಗೆ ಕಳಿಸಿಬಿಡುತ್ತಿದ್ದ. "ಡಿಕ್ಕಿಯೊಳಗ ವೂಫರ್ ಐತಿ ಅಂತ ಕುಂತವರಿಗೆ ಗೊತ್ತಾಗಬಾರದ್ರಿ. ಢೋಲಕ್ ನಿಮ್ಮ ಎದುರಿಗೆ ಕುಂತು ಬಾರಿಸಿದಂಗ ಇರಬೇಕು" ಅನ್ನುತ್ತಿದ್ದ.

ಅದಕ್ಕೆ ತಕ್ಕಂತೆ ಕೆಲಸವನ್ನೂ ಮಾಡುತ್ತಿದ್ದ. ಡಿಕ್ಕಿಯ ಅಳತೆ ತೆಗೆದು, ಬೋರ್ಡು ಕೊಯ್ದು, ಆಳದ ಸ್ವರ ಹೊರಡಿಸುವ ದೊಡ್ಡ ಸ್ಪೀಕರಿಗೆ, ಅಂದರೆ ವೂಫರಿಗೆ, ಪೆಟ್ಟಿಗೆಯನ್ನು ತಾನೇ ಕಟ್ಟುತ್ತಿದ್ದ. ಮೂಲೆಮೂಲೆಗೂ ಅಂಟು ತುಂಬಿ, ಹಾಡು ಹಚ್ಚಿ, ಸಂದಿನ ಮೇಲೆ ಅಂಗೈ ಇಟ್ಟು ಎಲ್ಲಾದರೂ ಗಾಳಿ ಸೋರುತ್ತದೆಯೇ ಎಂದು ನೋಡುತ್ತಿದ್ದ. ನಂಬರ್ ಪ್ಲೇಟು ಗರಗರ ಅನ್ನದಂತೆ ಅದರ ಹಿಂದೆ ದಪ್ಪ ಬಟ್ಟೆ ಅಂಟಿಸುತ್ತಿದ್ದ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಕೇಳುವುದು, ಇಳಿದು ಹಿಂದೆ ಹೋಗಿ ಆಂಪ್ಲಿಫೈಯರಿನ ತಿರುಪನ್ನು ಒಂದು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಬಂದು ಕೂರುವುದು. ಇದರಲ್ಲೇ ಅರ್ಧ ದಿನ ಹೋಗುತ್ತಿತ್ತು.

ಅವನ ಊರು ಶಿರಗುಪ್ಪಿ. ಹತ್ತನೇ ತರಗತಿ ಪಾಸಾಗದೆ, ಹದಿನೇಳನೇ ವಯಸ್ಸಿಗೆ ಹುಬ್ಬಳ್ಳಿಗೆ ಬಂದು ಶಿದ್ದಪ್ಪ ಎಂಬ ಆಟೋ ಎಲೆಕ್ಟ್ರಿಶಿಯನ್ ಕೈಕೆಳಗೆ ಸೇರಿದ. ಹನ್ನೊಂದು ವರ್ಷ ಅಲ್ಲಿ ಕಲಿತ ಮೇಲೆ ಸ್ವಂತ ಅಂಗಡಿ ಇಟ್ಟ. ಈಗ ಅವನಿಗೆ ನಲವತ್ತಮೂರು. ಶಿದ್ದಪ್ಪನಿಗೆ ಎಪ್ಪತ್ತು ದಾಟಿದೆ. ಮುದುಕನ ಅಂಗಡಿ ಹಿಂದಿನ ಓಣಿಯಲ್ಲೇ ಇತ್ತು. ಬೀರಪ್ಪ ಅವನನ್ನು ಕಾಕಾ ಅನ್ನುತ್ತಿದ್ದ, ಅವನು ಇವನನ್ನು ಬೀರ್ಯಾ ಅನ್ನುತ್ತಿದ್ದ.

ಹೋದ ವರ್ಷ ಶ್ರಾವಣದಲ್ಲಿ ನವನಗರದ ಕುಮಾರಸ್ವಾಮಿ ಬಂದರು. ಹತ್ತಿ ವ್ಯಾಪಾರಿ, ಮೃದು ಮಾತಿನ ಮನುಷ್ಯ. ಅವರ ತಾಯಿ ಶರಣವ್ವ ಮೂವತ್ತು ವರ್ಷ ಭಜನಾ ಮಂಡಳಿಯಲ್ಲಿ ಹಾಡಿದವರು. ಆ ಹಾಡುಗಳ ರೆಕಾರ್ಡಿಂಗುಗಳು ಮಗನ ಹತ್ತಿರ ಇದ್ದವು. "ಗಾಡ್ಯಾಗ ಹಚ್ಚಿದ್ರ ತಗಡಿನ ಡಬ್ಬಿ ಬಡದಂಗ ಕೇಳ್ತದ. ನಮ್ಮವ್ವಗ ಛಲೋ ಕೇಳಬೇಕು, ಅಷ್ಟ" ಅಂದರು. ಬೀರಪ್ಪನಿಗೆ ಇಂಥ ಗಿರಾಕಿ ಸಿಕ್ಕಿದ್ದೇ ಹಬ್ಬ.

ಎರಡು ದಿನ ಕೂತು ಕೆಲಸ ಮಾಡಿದ. ಶುಕ್ರವಾರ ಮಧ್ಯಾಹ್ನ ಎಲ್ಲ ಮುಗಿದಾಗ ಒಂದೇ ಒಂದು ಸಾಮಾನು ಕಡಿಮೆ ಬಿತ್ತು. ಬ್ಯಾಟರಿಯಿಂದ ಡಿಕ್ಕಿಯ ತನಕ ಬೆರಳು ದಪ್ಪದ ವೈರು ಹೋಗುತ್ತದೆ. ಅದಕ್ಕೆ ಬ್ಯಾಟರಿಯ ಪಕ್ಕದಲ್ಲೇ ದೊಡ್ಡ ಫ್ಯೂಸು ಇರಬೇಕು. ವೈರು ಎಲ್ಲಾದರೂ ತಗಡಿಗೆ ತಾಗಿದರೆ ಫ್ಯೂಸು ಹಾರಿ ಕರೆಂಟು ನಿಲ್ಲುತ್ತದೆ. ಅದಿಲ್ಲದಿದ್ದರೆ ವೈರೇ ಉರಿಯುತ್ತದೆ. ಶಿದ್ದಪ್ಪ ಮೊದಲ ವಾರದಲ್ಲೇ ಅವನಿಗೆ ಕಲಿಸಿದ ಪಾಠ ಅದು. ಆ ಫ್ಯೂಸಿನ ಪಾರ್ಸೆಲ್ ಬರಲು ಇನ್ನೂ ಮೂರ್ನಾಲ್ಕು ದಿನ ಇತ್ತು.

ಕುಮಾರಸ್ವಾಮಿ ಅವತ್ತೇ ತಾಯಿಯನ್ನು ಕರೆದುಕೊಂಡು ಗದಗಿಗೆ ಹೋಗಬೇಕಿತ್ತು, ತಂಗಿಯ ಮಗಳ ನಿಶ್ಚಿತಾರ್ಥ. "ಅದಿಲ್ಲದಿದ್ರ ನಡೆಯೂದಿಲ್ಲೇನು?" ಎಂದು ಕೇಳಿದರು.

"ನಡೀತದರಿ. ಆದ್ರ ಇರಬೇಕು."

"ಹಂಗಾರ ಮುಂದಿನ ವಾರ ಬಂದು ಹಾಕಸ್ಕೋತೇನಿ. ಈಗ ಜೋಡಿಸಿಬಿಡು."

ಬೀರಪ್ಪ ಜೋಡಿಸಿದ. ಶರಣವ್ವ ಸೀಟಿನಲ್ಲಿ ಕೂತು ಕೇಳಿದರು. ಢೋಲಕ್ಕಿನ ಕೆಳಗಿನ ಪೆಟ್ಟು ಬಿದ್ದೊಡನೆ ಮುಖ ಎತ್ತಿ, "ಇದು ನಮ್ಮ ಮಂಡಳಿ ಫಕೀರಪ್ಪನ ಕೈ! ಅಂವಾ ಹೋಗಿ ಎಂಟು ವರ್ಷ ಆತು" ಅಂದರು. ಕಣ್ಣು ತುಂಬಿದ್ದವು. ಆ ಸಂತೋಷದಲ್ಲಿ ಬೀರಪ್ಪನಿಗೆ ಫ್ಯೂಸು ಸಣ್ಣ ವಿಷಯವಾಗಿ ಕಂಡಿತು.

ಮುಂದಿನ ವಾರ ಅವರು ಬರಲಿಲ್ಲ. ಪಾರ್ಸೆಲ್ ಬಂತು. ಫೋನ್ ಮಾಡಬೇಕು ಅಂದುಕೊಂಡ. ಗಣೇಶ ಚೌತಿಯ ಗದ್ದಲ ಶುರುವಾಯಿತು, ನಾಳೆ ಮಾಡಿದರಾಯಿತು ಅಂದುಕೊಂಡ. ಹೀಗೇ ಎರಡೂವರೆ ತಿಂಗಳು ಹೋಯಿತು. ಈ ನಡುವೆ ಕುಮಾರಸ್ವಾಮಿ ಅದೇ ಕಾರಿಗೆ ಶಿದ್ದಪ್ಪನ ಹತ್ತಿರ ಹೊಸ ಹಾರ್ನ್ ಹಾಕಿಸಿಕೊಂಡರು.

ಹಾರ್ನ್ ಹಾಕಿದ ಒಂಬತ್ತನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ನವನಗರದ ಹತ್ತಿರ, ಕಾರಿನ ಮುಂಭಾಗದಿಂದ ಹೊಗೆ ಬಂತು. ಕುಮಾರಸ್ವಾಮಿ ಗಾಡಿ ನಿಲ್ಲಿಸುವಷ್ಟರಲ್ಲಿ ಕಾಲ ಹತ್ತಿರ ಬೆಂಕಿ ಕಾಣಿಸಿತು. ಹಿಂದೆ ಕೂತಿದ್ದ ಶರಣವ್ವ ಗಾಬರಿಯಿಂದ ಬಾಗಿಲು ತೆರೆದು ಇಳಿಯಲು ಹೋಗಿ, ಸೀರೆ ಕಾಲಿಗೆ ತೊಡರಿ ಡಾಂಬರಿನ ಮೇಲೆ ಬಿದ್ದರು. ಸೊಂಟದ ಎಲುಬು ಮುರಿಯಿತು. ಜೀವ ಉಳಿಯಿತು, ಕಾರು ಮುಂದಿನ ಸೀಟಿನ ತನಕ ಸುಟ್ಟುಹೋಯಿತು.

ಗ್ಯಾರೇಜಿನವರು ನೋಡಿ, ಕೊನೆಗೆ ಕೈಯಾಡಿಸಿದ್ದು ಹಾರ್ನ್ ಹಾಕಿದವನು, ಅಲ್ಲಿಂದಲೇ ಹತ್ತಿಕೊಂಡಿದೆ ಅಂದರು. ಬೀರಪ್ಪನನ್ನೂ ಕರೆಸಿದರು. ಬಾನೆಟ್ಟು ಎತ್ತಿದಾಗ ಅವನಿಗೆ ಬೇರೇನೂ ಕಾಣಲಿಲ್ಲ. ಎಂಜಿನ್ನಿನ ಹಿಂದಿನ ತಗಡಿನಲ್ಲಿ ತನ್ನ ದಪ್ಪ ವೈರು ಒಳಗೆ ಹೋಗುವ ತೂತಿನ ಅಂಚಿಗೆ ತಾಮ್ರ ಕರಗಿ ಗುಂಡಗೆ ಅಂಟಿಕೊಂಡಿತ್ತು. ವೈರು ಅಲ್ಲಿ ಉಜ್ಜಿ ಉಜ್ಜಿ ತೆರೆದುಕೊಂಡಿತ್ತು. ಹಾರ್ನಿನ ವೈರು ಆಮೇಲೆ ಸುಟ್ಟಿದ್ದು.

"ನೀ ಫ್ಯೂಸ್ ಹಾಕಿದ್ದಿಲ್ಲ?" ಎಂದು ಗ್ಯಾರೇಜಿನವನು ಕೇಳಿದ.

"ಹಾಕಿರ್ತೇವ್ರಿ" ಅಂದ ಬೀರಪ್ಪ. ಈ ಕಾರಿಗೆ ಹಾಕಿದ್ದೆ ಅನ್ನಲಿಲ್ಲ, ಹಾಕಿರಲಿಲ್ಲ ಎಂದೂ ಅನ್ನಲಿಲ್ಲ. ಎಲ್ಲ ಸುಟ್ಟ ಮೇಲೆ ಏನು ಹೇಳಲು ಬರುತ್ತದೆ ಎಂದು ಗೊಣಗಿ ಹೊರಗೆ ಬಂದ. ತಾಯಿಯ ಆಪರೇಷನ್ನಿನ ಗಡಿಬಿಡಿಯಲ್ಲಿದ್ದ ಕುಮಾರಸ್ವಾಮಿಗೆ ಫ್ಯೂಸಿನ ಮಾತು ನೆನಪಾಗಲಿಲ್ಲ.

ಅಂದಿನಿಂದ ಅವನ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, "ಒಮ್ಮೆ ಗಾಡಿ ತಗೊಂಡು ಬರ್ರಿ, ಚೆಕ್ ಮಾಡಿ ಕೊಡ್ತೇನಿ" ಎಂದು ಕರೆದ. ಎಲ್ಲ ಕಾರಿನಲ್ಲೂ ಫ್ಯೂಸು ಸರಿಯಾಗಿಯೇ ಇತ್ತು. ಅದು ಅವನಿಗೆ ಇನ್ನೂ ಹಿಂಸೆಯಾಯಿತು. ಜೀವಮಾನದಲ್ಲಿ ಬಿಟ್ಟಿದ್ದು ಒಂದೇ, ಅದೂ ಬೇಕೆಂದೇ. ಪೆಟ್ಟಿಗೆ ಕಟ್ಟಲು ಕೂತರೆ ಅಳತೆ ತಪ್ಪುತ್ತಿತ್ತು.

ಕಾರು ಸುಟ್ಟ ಹದಿನೇಳನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಹುಲಿಗೆವ್ವ ಹೇಳಿದಳು: "ಶಿದ್ದಪ್ಪ ಕಾಕಾರ ಮನಿಗೆ ಹೋಗಿದ್ದೆ. ಅಂಗಡಿ ಬಾಗಲಾ ತೆಗದಿಲ್ಲಂತ. 'ನನ್ನ ಕಣ್ಣು ಹೋಗ್ಯಾವು, ವೈರ್ ಎಲ್ಲೆ ಬಿಟ್ಟೆನೋ ಏನೋ, ನನ್ನಿಂದ ಒಬ್ಬ ತಾಯಿ ಸೊಂಟಾ ಮುರಕೊಂಡ್ಲು' ಅಂತಾರ. ಉಣ್ಣವಲ್ರು."

ಬೀರಪ್ಪ ಎತ್ತಿದ ತುತ್ತನ್ನು ತಾಟಿಗೇ ಹಾಕಿದ. "ಅದು ಕಾಕಾಂದಲ್ಲ, ನಂದು" ಅಂದ. ನಡೆದದ್ದನ್ನೆಲ್ಲ ಹೇಳಿದ.

ಹುಲಿಗೆವ್ವ ಬಯ್ಯಲಿಲ್ಲ. ಅವನ ಮುಂದಿನ ತಾಟು ಎತ್ತಿಕೊಂಡು, "ಮತ್ತ ಇಲ್ಲೇ ಯಾಕ ಕುಂತೀರಿ?" ಅಂದಳು.

ಶಿದ್ದಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. "ಬಾ ಬೀರ್ಯಾ. ನೀನರೆ ಬಂದ್ಯಲ್ಲ. ನನ್ನ ಕೈಲೆ ಎಂಥಾದಾತು ನೋಡು" ಅಂದ.

ಬೀರಪ್ಪ ನೆಲದ ಮೇಲೆ ಕೂತು, ತಲೆ ಎತ್ತದೆ ಎಲ್ಲ ಹೇಳಿದ. "ಇನ್ನೊಮ್ಮೆ ಹೇಳು" ಅಂದ ಮುದುಕ. ಇವನು ಇನ್ನೊಮ್ಮೆ ಹೇಳಿದ.

"ತೂತಿನ ಬಾಯಾಗ ಕರಗಿದ್ದು ನೀ ಕಣ್ಣಾರೆ ನೋಡಿದಿ?"

"ನೋಡಿದೆ ಕಾಕಾ."

"ಎಂದ?"

"ಮರುದಿನಾನ."

ಶಿದ್ದಪ್ಪ ಬೆರಳು ಮಡಚುತ್ತ ದಿನ ಎಣಿಸಿದ. ನಡುವೆ ಲೆಕ್ಕ ತಪ್ಪಿತು, ಬಿಟ್ಟುಬಿಟ್ಟ. "ಫ್ಯೂಸ್ ಬಿಟ್ಟಿ, ಅದು ಮನುಷ್ಯಾ ಮಾಡೂ ತಪ್ಪು. ಆಮ್ಯಾಲೆ ಅದು ನನ್ನ ತಲಿ ಮ್ಯಾಲೆ ಬಂದೈತಿ ಅಂತ ಗೊತ್ತಿದ್ದೂ ಇಷ್ಟು ದಿನಾ ಸುಮ್ಮ ಇದ್ದಿಯಲ್ಲ?" ಅವನ ದನಿ ಏರಲಿಲ್ಲ. "ಏಳ್ರಿ. ನನ್ನ ಮುಂದ ಅತ್ತು ಏನು ಮಾಡ್ತೀರಿ? ಅವ್ರ ಮನಿಗೆ ಹೋಗ್ರಿ, ಬೀರಪ್ಪನವ್ರ."

ಇಪ್ಪತ್ತಾರು ವರ್ಷದಲ್ಲಿ ಮುದುಕ ಅವನಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಎಂದು ಬೀರಪ್ಪ ಆಮೇಲೆ ಹೆಂಡತಿಯ ಹತ್ತಿರ ಅಂದ.

ಅಲ್ಲಿಂದ ನೇರ ನವನಗರಕ್ಕೆ ಹೋದ. ಕುಮಾರಸ್ವಾಮಿ ಮೊದಲು ನಂಬಲಿಲ್ಲ. ಆಮೇಲೆ ಅವನ ಅಂಗಿ ಹಿಡಿದು ಎಬ್ಬಿಸಿದರು. ಅಷ್ಟೊಂದು ಮೃದು ಮನುಷ್ಯ ಅಕ್ಕಪಕ್ಕದವರು ಹೊರಗೆ ಬರುವಷ್ಟು ಕೂಗಿದರು. ನಡುವೆ ಒಮ್ಮೆ, "ನಾನೂ ಅವಸರ ಮಾಡಿದೆ, ಖರೇ" ಅಂದರು. ಅಂದ ಮೇಲೆ ಇನ್ನೂ ಸಿಟ್ಟಿಗೆದ್ದರು.

ಒಳಕೋಣೆಯಿಂದ ಶರಣವ್ವ ಕರೆದರು. ಮಂಚದ ಮೇಲೆ, ಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದ್ದರು. "ಆ ಮುದುಕಪ್ಪನ್ನ ಪೊಲೀಸರು ಎರಡು ಸಲ ಕರೆಸ್ಯಾರಂತ. ಮೊದಲ ಅಲ್ಲಿ ಹೋಗಿ ಹೇಳು. ನನ್ನ ಮುಂದ ಕೈ ಮುಗೀಬ್ಯಾಡ, ನನಗ ನೋಡಾಕಾಗೂದಿಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಸಂಜೆ ಸ್ಟೇಷನ್ನಿನಲ್ಲಿ ಬೀರಪ್ಪ ಹೇಳಿಕೆ ಬರೆಸಿ ಸಹಿ ಮಾಡಿದ. ಕೇಸಿನಿಂದ ಶಿದ್ದಪ್ಪನ ಹೆಸರು ತೆಗೆದರು. ಬೀರಪ್ಪನ ಮೇಲಿನ ಕೇಸು ಇನ್ನೂ ನಡೆದಿದೆ. ಸುದ್ದಿ ಗೋಕುಲ ರಸ್ತೆಯಲ್ಲಿ ಹರಡಿತು. ಕಾರು ತಂದವರು ಅಂಗಡಿಯ ಹೆಸರು ನೋಡಿ ಮುಂದೆ ಹೋಗತೊಡಗಿದರು. ಈಗ ವಾರಕ್ಕೆ ಒಂದು ಕೆಲಸ ಬಂದರೆ ಹೆಚ್ಚು. ಹುಲಿಗೆವ್ವ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯಲು ಹೋಗುತ್ತಾಳೆ.

ಶಿದ್ದಪ್ಪ ಅಂಗಡಿ ತೆರೆದ. ತಪ್ಪು ಅವನದಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು, ಜನ ಮಾತಾಡಿಸಲು ಬಂದರು. ಆದರೆ ಹದಿನೇಳು ದಿನ ತನ್ನ ಕಣ್ಣನ್ನು ತಾನೇ ಅನುಮಾನಿಸಿದ ಮನುಷ್ಯನಿಗೆ ಆ ಅನುಮಾನ ಬಿಡಲಿಲ್ಲ. ಜೋಡಿಸಿದ ವೈರನ್ನು ಬಿಚ್ಚಿ ನೋಡುವುದು, ಮತ್ತೆ ಜೋಡಿಸುವುದು, ಗಿರಾಕಿ ಹೊರಟ ಮೇಲೆ ಹಿಂದೆಯೇ ಓಡಿ ಗಾಡಿ ನಿಲ್ಲಿಸುವುದು. ಯುಗಾದಿಗೆ ಮುಂಚೆ ಅಂಗಡಿಯನ್ನು ಪೂರ್ತಿ ಮುಚ್ಚಿದ.

ಸಾಮಾನು ಸಾಗಿಸುವ ದಿನ ಬೀರಪ್ಪ ಕರೆಯದೆಯೇ ಹೋದ. ಯಾರೂ ಬೇಡ ಅನ್ನಲಿಲ್ಲ. ಕಬ್ಬಿಣದ ಕಪಾಟನ್ನು ಟೆಂಪೋಗೆ ಏರಿಸುವಾಗ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ಡ್ರೈವರ್ ಹಿಡಿದ. ಶಿದ್ದಪ್ಪ ಮುಂದಿನ ಸೀಟಿನಲ್ಲಿ ಕೂತು, ಟೆಂಪೋ ಓಣಿ ದಾಟುವವರೆಗೂ ಬೀರಪ್ಪನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದ.