ಹತ್ತಕ್ಕೆ ಮೂರು

ಟಿಕ್. ಬಾಲ್ ಪೆನ್ನಿನ ತಲೆ ಒತ್ತುವ ಸದ್ದು. ಎಡಮಂಡಿ ಬದಲಾಯಿಸಿಕೊಂಡು ಇಂದಿರಾನಗರದ ಆಸ್ಪತ್ರೆಯಲ್ಲಿ ಮಲಗಿದ್ದ ನಾಲ್ಕು ದಿನಗಳಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ. ಅನಸ್ತೇಷಿಯಾ ಡಾಕ್ಟರು ಬಂದು, ಪೆನ್ನು ಒತ್ತಿ, ನನ್ನ ಮುಖ ನೋಡದೆ ಸ್ಕೋರ್ ಕೇಳುತ್ತಿದ್ದರು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ನಾನು ಮೂರು ಎನ್ನುತ್ತಿದ್ದೆ. ಅವರಿಗೆ ಪರಮಾನಂದ.

ನಾನು ಅವರ ‘ಒಪಿಯಾಯ್ಡ್-ಫ್ರೀ’ ಪೇಷಂಟು. ಆಪರೇಷನ್ನಿಗೆ ಮುಂಚೆ ಕೂರಿಸಿಕೊಂಡು ಪಾಠ ಮಾಡಿದ್ದರು. ಮಾರ್ಫಿನ್ ಎಲ್ಲ ಹಳೇ ಕಾಲದ್ದಂತೆ. ಅಫೀಮಿನ ವಂಶದ ಒಂದು ಹನಿಯೂ ಇಲ್ಲದೆ, ಕಾಲಿನ ನರ ಮರಗಟ್ಟಿಸಿ, ಬೇರೆ ಔಷಧಿ ಸೇರಿಸಿ ಕೆಲಸ ಮುಗಿಸುತ್ತಾರಂತೆ. ಕುಕ್ಕರ್ ಮಾರಲು ಬಂದವರ ಮುಖವೂ ಅಷ್ಟು ಹೊಳೆದದ್ದನ್ನು ನಾನು ಕಂಡಿಲ್ಲ.

ಒಪ್ಪಿದವಳು ನಾನೇ, ಅದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಲಮಂಡಿ ಬದಲಾಯಿಸಿದಾಗ ಮಾರ್ಫಿನ್ ಕೊಟ್ಟಿದ್ದರು. ನೋವು ಗೊತ್ತಾಗಲಿಲ್ಲ, ನಿಜ. ಆದರೆ ಎರಡು ದಿನ ವಾಂತಿ, ಜೊತೆಗೆ ನಮ್ಮ ಸ್ಕೂಲಿನ ಮದರ್ ಸುಪೀರಿಯರ್ ಫ್ಯಾನಿನ ಮೇಲೆ ಕೂತು ಸ್ಪೆಲ್ಲಿಂಗ್ ಕೇಳುತ್ತಿದ್ದರು. ಅಂಥ ದರ್ಶನ ಇನ್ನೊಮ್ಮೆ ಬೇಡವಾಗಿತ್ತು.

ಈ ಸಲ ವಾಂತಿ ಇಲ್ಲ, ತಲೆ ತಿಳಿಯಾಗಿತ್ತು. ಮರುದಿನ ಬೆಳಿಗ್ಗೆ ನರ ಮರಗಟ್ಟಿಸಿದ್ದ ಮದ್ದಿನ ಪ್ರಭಾವ ಇಳಿಯಿತು. ಅಷ್ಟು ತಿಳಿಯಾದ ತಲೆಯಲ್ಲಿ ಅಷ್ಟು ನೋವನ್ನು ಅನುಭವಿಸುವ ಸುಖ ಅವರ ಬ್ರೋಷರಿನಲ್ಲಿ ಇರಲಿಲ್ಲ.

ಆದರೂ ಮೂರು ಎಂದೆ. ಐದು ದಾಟಿದರೆ ಬಲವಾದ ಇಂಜೆಕ್ಷನ್ ಕೊಡುತ್ತೇವೆ ಎಂದು ನರ್ಸ್ ಹೇಳಿಯೇ ಇದ್ದಳು. ಕಂಟೋನ್ಮೆಂಟಿನ ನಮ್ಮ ಕಾನ್ವೆಂಟಿನಲ್ಲಿ ಅಂಗೈಗೆ ಸ್ಕೇಲಿನ ಏಟು ಬಿದ್ದರೆ ‘ಥ್ಯಾಂಕ್ ಯೂ, ಸಿಸ್ಟರ್’ ಎನ್ನಬೇಕಿತ್ತು. ಅತ್ತರೆ, ರಂಪ ಮಾಡಬೇಡ, ನೋವನ್ನು ದೇವರಿಗೆ ಅರ್ಪಿಸು ಎನ್ನುತ್ತಿದ್ದರು. ಹಲಸೂರಿನ ಹುಡುಗಿಯ ಅಂಗೈ ಉರಿ ದೇವರಿಗೆ ಯಾಕೆ ಬೇಕಿತ್ತೋ. ಎಪ್ಪತ್ತು ದಾಟಿದರೂ, ಆರು ಎನ್ನುವುದು ಬೀದಿಯಲ್ಲಿ ನಿಂತು ಕಿರುಚಿದಂತೆ ಅನ್ನಿಸುತ್ತಿತ್ತು.

ಪಕ್ಕದ ಮಂಚದಲ್ಲಿ ಶಿವಾಜಿನಗರದ ಹೆಂಗಸು, ಬಳೆ ಅಂಗಡಿಯವರ ಹೆಂಡತಿ. ಅದೇ ದಿನ, ಅದೇ ಡಾಕ್ಟರು, ಅವಳಿಗೂ ಮಂಡಿ. ಸ್ಕೋರ್ ಕೇಳಿದರೆ ಹನ್ನೆರಡು ಎಂದಳು. ಹತ್ತರವರೆಗೆ ಮಾತ್ರ ಎಂದಾಗ, “ಹಂಗಾದ್ರೆ ಮಂಡಿ ನೀವಿಟ್ಕೊಂಡು ನೀವೇ ಎಣಿಸ್ಕೊಳ್ಳಿ” ಎಂದಳು. ಡಾಕ್ಟರು ಮುಖ ಹುಳ್ಳಗೆ ಮಾಡಿಕೊಂಡು ಮಾರ್ಫಿನ್ ಬರೆದರು. ಅವರ ಲೆಕ್ಕದಲ್ಲಿ ಅವಳು ಫೇಲ್, ನಾನು ಫಸ್ಟ್ ಕ್ಲಾಸ್. ಜೂನಿಯರ್‌ಗಳನ್ನು ಕರೆತಂದು ನನ್ನನ್ನು ತೋರಿಸಿದರು. ನಾನು ಸ್ಮೈಲ್ ಮಾಡಿದೆ. ನಾಚಿಕೆಗೇಡು.

ಮೊದಲ ವಾರಗಳಲ್ಲಿ ಮಡಿಸದಿದ್ದರೆ ಮಂಡಿ ಹಾಗೇ ಬಿಗಿದುಬಿಡುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಎಚ್ಚರಿಸಿದಳು. ಪಕ್ಕದವಳು ಇಂಜೆಕ್ಷನ್ ಹಾಕಿಸಿಕೊಂಡು, ಒಂದೆರಡು ಸಲ ವಾಕರಿಸಿ, ಎಲ್ಲರನ್ನೂ ಬೈಯುತ್ತ ಮಡಿಸಿದಳು. ನಾನು ‘ಲೇಟರ್, ಡಿಯರ್’ ಎಂದೆ.

ಪಕ್ಕದವಳು ಮಂಚದಿಂದಲೇ ಕೇಳಿದಳು: “ಏನ್ ಆಂಟಿ, ಬೆಳಿಗ್ಗೆಯಿಂದ ಬೆಡ್‌ಶೀಟ್ ಹಿಂಡ್ತಾ ಇದ್ದೀರ. ಮೂರಂತೆ ಮೂರು. ಯಾರಿಗ್ ಮರ್ಯಾದೆ ಕೊಡ್ತಿದ್ದೀರ, ಆ ಪೆನ್ನಿಗಾ?”

ಐ ಆಮ್ ಫೈನ್ ಎಂದೆ. ಮನೆಗೆ ಹೋದ ಮೇಲೆ ಆಸ್ಪತ್ರೆಯಿಂದ ಡಾಕ್ಟರ ಫೋನ್ ಬಂದಾಗಲೂ ಮೂರೇ. ಕಾಲು ಮಡಿಸಲಾಗುತ್ತದೆಯೇ ಎಂದು ಆ ಮಹಾನುಭಾವರು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ಅವರ ಹಾಳೆಯಲ್ಲಿ ಜಾಗ ಇರಲಿಲ್ಲವೇನೋ.

ಮಂಡಿ ಬಿಗಿಯಿತು. ಈಗ ಕುರ್ಚಿಯಲ್ಲಿ ಕೂತರೆ ಎಡಗಾಲು ದಾರಿಗೆ ಅಡ್ಡ ಚಾಚಿಕೊಂಡಿರುತ್ತದೆ.

ಹೋದ ವರ್ಷ ರಂಜಾನಿಗೆ ಮುಂಚೆ, ಬ್ಲೌಸಿಗೆ ಹೊಂದುವ ಲೈನಿಂಗ್ ಬಟ್ಟೆಗೆಂದು ಕಮರ್ಷಿಯಲ್ ಸ್ಟ್ರೀಟಿನ ಒಂದು ಮ್ಯಾಚಿಂಗ್ ಸೆಂಟರಿನ ಕೆಳಗೆ ಕೋಲು ಹಿಡಿದು ನಿಂತಿದ್ದೆ. ಅಂಗಡಿ ಮೇಲೆ, ಮೆಟ್ಟಿಲು ಕಡಿದು. ಆಸ್ಪತ್ರೆಯ ಆ ಪಕ್ಕದ ಮಂಚದವಳೇ ಎದುರು ಬಂದಳು. “ಎಷ್ಟು ಆಂಟಿ ಈಗ?”

ಅಂಥದ್ದೇನಿಲ್ಲ ಎಂದೆ. ಅವಳು ನನ್ನ ಮುಖ ಬಿಟ್ಟು ಕಾಲು ನೋಡಿದಳು. ನನ್ನ ಕೈಯಲ್ಲಿದ್ದ ಬ್ಲೌಸ್ ಪೀಸಿನ ತುಂಡು ಕಿತ್ತುಕೊಂಡು, ಬುರ್ಖಾ ಸ್ವಲ್ಪ ಎತ್ತಿ ಹಿಡಿದು, ಮಂಡಿ ಸರಾಗ ಮಡಿಸಿ ಒಂದೊಂದು ಮೆಟ್ಟಿಲಿಗೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿಹೋದಳು. ಲೈನಿಂಗ್ ಬಟ್ಟೆ ತಂದು, ಬಣ್ಣ ಸರಿಯಿದೆಯಾ ಎಂದಳು. ಒಂದು ಶೇಡ್ ಹೆಚ್ಚಿತ್ತು. ಪರ್ಫೆಕ್ಟ್ ಎಂದೆ.

ಅವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮತ್ತೆ ಹತ್ತಿದಳು. ಎರಡನೇ ಸಲ ತಂದದ್ದು ಸರಿಯಾಗಿತ್ತು. ಅದನ್ನು ನನ್ನ ಕೈಗಿಟ್ಟು ಜನರ ನಡುವೆ ನಡೆದುಹೋದಳು. ಆಮೇಲೆ ಅವಳನ್ನು ನಾನು ನೋಡಿಲ್ಲ.