ಫೋಟೋದಿಂದ ಹೊರಗಿಟ್ಟ ಬೋರ್ಡು

ನಮ್ಮೂರ ಡಾಕ್ಟರು ಯಾಕೆ ಹೋದರು ಎಂದು ಗಂಡಸಿಯ ಬಸ್‌ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಸಿದ್ಧ ಉತ್ತರ ಸಿಗುತ್ತದೆ: "ಸಿಟಿಯೋರು ಕಣ್ರೀ, ಹಳ್ಳೀಲಿ ನಿಲ್ತಾರಾ?" ಕೇಳಲು ಚೆನ್ನಾಗಿದೆ, ನಿಜವಲ್ಲ. ಅವರು ಸಿಟಿಯವರೇ ಅಲ್ಲ, ಬೇಲೂರಿನ ಆಚೆಯ ಒಂದು ಹಳ್ಳಿಯವರು. ನಿಲ್ಲಲಿಲ್ಲ ಎನ್ನುವುದೂ ಸುಳ್ಳು. ಆಸ್ಪತ್ರೆಯ ಹಿಂದಿನ ಸೋರುವ ಕ್ವಾರ್ಟರ್ಸಿನಲ್ಲಿ ಮೂರು ವರ್ಷ ನಿಂತರು. ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವ ನಾನು ಈ ಒಂದು ಮಾತನ್ನು ಮಾತ್ರ ತಿದ್ದಲು ಹೋಗಲಿಲ್ಲ. ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಅವಳಿಗೆ ಹಳೆಯ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕೆಲಸ. ಹಿಂದಿನ ಡಾಕ್ಟರುಗಳು ಮಾತ್ರೆ ಬರೆದು ಕಳಿಸುತ್ತಿದ್ದರು. ಇವರು ಸ್ಟೂಲಿನ ಮೇಲೆ ಕೂತು, ದೊಡ್ಡಮ್ಮನ ಪಾದವನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು, ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡುತ್ತಿದ್ದರು.

"ಅಯ್ಯೋ ಬಿಡವ್ವ, ಓದಿರೋ ಹೆಣ್ಮಗಳು ನನ್ ಕಾಲು ಮುಟ್ಟೋದಾ? ಪಾಪ ಬತ್ತದೆ ನಂಗೆ."

"ಪಾಪ ನನಗಿರ್ಲಿ, ಕಾಲು ನಿಮಗಿರ್ಲಿ. ಆ ಕಡೆ ತಿರುಗ್ಸಿ."

ಮುಂದಿನ ತಿಂಗಳು ದೊಡ್ಡಮ್ಮ ಕಾಲು ತಿಕ್ಕಿ ತೊಳೆದು, ಗೌರಿ ಹಬ್ಬಕ್ಕೆ ಹೊರಟವಳಂತೆ ಅರಿಶಿನ ಬಳಿದುಕೊಂಡು ಬಂದಳು. ಡಾಕ್ಟರು ನೋಡಿ ನಕ್ಕರು. "ಅಮ್ಮಾ, ಹೀಗೆ ಬಂದ್ರೆ ನಾನು ಗಾಯ ಹುಡುಕ್ಲಾ, ಪೂಜೆ ಮಾಡ್ಲಾ?"

ನನಗೆ ಮಾತ್ರ ಅವರ ಮೇಲೆ ಒಳಗೊಳಗೇ ಸಿಟ್ಟು. ಒಮ್ಮೆ ನೆಗಡಿಗೆ ಆಂಟಿಬಯೋಟಿಕ್ ಬರೆಯಲೇಬೇಕೆಂದು ಅವರೆದುರು ಕಾರಣಗಳ ಪಟ್ಟಿಯನ್ನೇ ಮಂಡಿಸಿದ್ದೆ. ಅವರು ತಲೆಯೆತ್ತದೆ, "ಚೆನ್ನಾಗಿ ಮಾತಾಡ್ತೀಯ. ಹೋಗಿ ಬಿಸಿನೀರು ಕುಡಿ" ಅಂದರು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಕ್ಕುಬಿಟ್ಟರು. ಅರಸೀಕೆರೆಯ ಕಾಲೇಜಿಗೆ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಹೊತ್ತು ತರುತ್ತಿದ್ದವಳಿಗೆ ಆ ನಗು ಅರಗಲಿಲ್ಲ.

ಮೂರನೆಯ ವರ್ಷ ಅವರ ಕೋಣೆಗೆ ವಾರದಲ್ಲಿ ಮೂರು ದಿನ ಬೀಗ ಬೀಳತೊಡಗಿತು. ನಮ್ಮ ಜಗಲಿಯ ಮೇಲೆ ದೊಡ್ಡಪ್ಪನ ಜೊತೆಯವರು ಸೇರಿದರು.

"ಅರ್ಜಿ ಹಾಕ್ಬೇಕು ಕಣ್ರೀ. ಸುಮ್ನಿದ್ರೆ ಆಗಲ್ಲ."

"ಬರೆಯೋರ್ಯಾರು?"

"ನಿಮ್ಮನೇಲೇ ಐದಾಳಲ್ಲ! ಅವಳ ಬಾಯಿಗೆ ಡೀಸಿಯೇ ಹೆದರ್ಬೇಕು."

ಆ ಹೊಗಳಿಕೆ ಸಾಕಾಯಿತು. ಕೂತಲ್ಲೇ ಬರೆದು ಮುಗಿಸಿದೆ. 'ಸತತ ಗೈರುಹಾಜರಿ' ಎಂಬ ಮಾತನ್ನು ಹುಡುಕಿ ಹಾಕಿದೆ. ಸರ್ಕಾರಿ ಕಾಗದದಲ್ಲಿ ಆ ಮಾತಿಗೆ ಹಲ್ಲಿದೆ. ಬೀಗ ಬಿದ್ದ ಬಾಗಿಲಿನ ಫೋಟೋ ತೆಗೆದೆ. ಬಾಗಿಲ ಪಕ್ಕದಲ್ಲೇ ಒಂದು ಕಪ್ಪು ಬೋರ್ಡಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ವೈದ್ಯರು ಇಂದು ನಿಯೋಜನೆಯ ಮೇಲೆ ಬೇರೆ ಆಸ್ಪತ್ರೆಯಲ್ಲಿದ್ದಾರೆ.' ಫೋನಿನಲ್ಲೇ ಬೆರಳಾಡಿಸಿ ಬೋರ್ಡನ್ನು ಫೋಟೋದಿಂದ ಕತ್ತರಿಸಿ ತೆಗೆದೆ. ಉಳಿದದ್ದು ಬಾಗಿಲು, ಬೀಗ.

ಬೋರ್ಡು ನಂಬಿಕೆಗೆ ಅರ್ಹವೋ ಅಲ್ಲವೋ ಗೊತ್ತಿರಲಿಲ್ಲ ಎಂದು ಇವತ್ತು ಹೇಳಬಹುದಿತ್ತು, ಆ ಬಸ್ಸಿನ ಪ್ರಯಾಣ ಇಲ್ಲದಿದ್ದರೆ. ಅರ್ಜಿಗೆ ಎರಡು ವಾರ ಮೊದಲು ನಾನು ಬೇಲೂರಿಗೆ ಚರ್ಚಾಸ್ಪರ್ಧೆಗೆ ಹೊರಟಿದ್ದೆ. ಅರಸೀಕೆರೆಯಲ್ಲಿ ಬಸ್ ಹತ್ತಿದರೆ ಪಕ್ಕದ ಸೀಟಿನಲ್ಲಿ ಡಾಕ್ಟರೇ, ಮಡಿಲಲ್ಲಿ ಊಟದ ಡಬ್ಬಿ.

"ಇವತ್ತು ನನ್ನ ಡ್ಯೂಟಿ ಆ ಕಡೆ. ಅಲ್ಲಿ ಡಾಕ್ಟ್ರಿಲ್ಲದೆ ವರ್ಷ ಆಯ್ತು. ಇರೋ ಒಬ್ಬಳನ್ನೇ ಎರಡೂರಿಗೆ ಹಂಚಿದಾರೆ" ಎಂದು ನಕ್ಕರು. ನಾನು ಹೊರಟದ್ದೆಲ್ಲಿಗೆ ಎಂದು ತಿಳಿದ ಮೇಲೆ ಕೇಳಿದರು, "ಚರ್ಚೇಲಿ ನೀನು ಯಾವ ಕಡೆ?"

"ಪರವೋ ವಿರೋಧವೋ, ಅಲ್ಲಿ ಚೀಟಿ ಎತ್ತಿದ ಮೇಲೆ ಗೊತ್ತಾಗೋದು ಮೇಡಂ."

"ಯಾವ ಕಡೆಯಾದ್ರೂ ಸರಿನಾ ನಿಂಗೆ?"

ಹೂಂ ಅಂದೆ, ಹೆಮ್ಮೆಯಿಂದ. ಹಳೇಬೀಡಿಗೆ ಸ್ವಲ್ಪ ಮೊದಲೇ ಅವರು ಇಳಿದರು. ನಿಲ್ದಾಣದ ಕಟ್ಟೆಯ ಮೇಲೆ ಮಗುವನ್ನು ಹೊದಿಸಿಕೊಂಡು ಕೂತಿದ್ದ ಒಬ್ಬಾಕೆ ಅವರನ್ನು ಕಂಡದ್ದೇ ಎದ್ದು ನಿಂತಳು. ಇಷ್ಟನ್ನೂ ಕಣ್ಣಾರೆ ನೋಡಿದ್ದೆ. ಎದುರಾಳಿಗೆ ಉಪಯೋಗವಾಗುವ ಸಂಗತಿಯನ್ನು ನೀನಾಗಿ ಎತ್ತಬೇಡ ಎಂಬುದು ನಮಗೆ ಕಾಲೇಜಿನಲ್ಲಿ ಕಲಿಸಿದ ಪಾಠ. ಅವರು ನನ್ನ ಎದುರಾಳಿಯಾದದ್ದು ಯಾವಾಗ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ. ಹೊಳೆದಿರಬೇಕು, ಪಕ್ಕಕ್ಕೆ ತಳ್ಳಿದ್ದೇನೆ.

ಹಾಸನದಿಂದ ಅಧಿಕಾರಿ ವಿಚಾರಣೆಗೆ ಬಂದ ದಿನ ಊರೆಲ್ಲ ಆಸ್ಪತ್ರೆಯಲ್ಲಿತ್ತು. ಡಾಕ್ಟರು ನಿಯೋಜನೆಯ ಆದೇಶಗಳನ್ನು ಮೇಜಿನ ಮೇಲಿಟ್ಟರು. ಅರ್ಜಿಗೆ ಅಂಟಿಸಿದ್ದ ಫೋಟೋ ತಿರುಗಿಸಿ ನೋಡಿ, "ಪಕ್ಕದಲ್ಲಿ ಬೋರ್ಡಿತ್ತಲ್ಲ, ಅದೆಲ್ಲಿ?" ಅಂದರು. ಕಿಟಕಿಯ ಹತ್ತಿರ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದರು. ಬಸ್ಸಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರ ತಪ್ಪೇನೂ ಇಲ್ಲವೆಂದು ಅಧಿಕಾರಿ ಬರೆದುಕೊಂಡು ಹೋದರು. ಆದರೆ ಅವರದು ಗುತ್ತಿಗೆಯ ಕೆಲಸ. ಅವಧಿ ಮುಗಿದಾಗ ಮುಂದುವರಿಯಲು ಅವರೇ ಒಪ್ಪಲಿಲ್ಲ, ಅಷ್ಟೇ. ನಮಗೂ ಡಾಕ್ಟರಿಲ್ಲ, ಬಸ್ಸಿಗಾಗಿ ಕಾಯುತ್ತಿದ್ದ ಆ ಊರಿಗೂ ಇಲ್ಲ. ಅವರ ಜಾಗಕ್ಕೆ ಇವತ್ತಿನವರೆಗೆ ಯಾರೂ ಬಂದಿಲ್ಲ.

ನರ್ಸ್ ಹಳೆಯ ಚೀಟಿ ನೋಡಿ ಅದೇ ಮಾತ್ರೆ ಕೊಡುತ್ತಿದ್ದರು. ಚಪ್ಪಲಿ ಬಿಟ್ಟು ಕಾಲು ತೋರ್ಸಿ ಎನ್ನುವವರು ಇರಲಿಲ್ಲ. ಸಕ್ಕರೆ ಕಾಯಿಲೆಗೆ ಕಾಲು ಜೋಮು ಹಿಡಿದು, ತೋಟದಲ್ಲಿ ತೆಂಗಿನ ಚಿಪ್ಪಿನ ಚೂರು ಚುಚ್ಚಿದ್ದು ದೊಡ್ಡಮ್ಮನಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಗೊತ್ತಾದಾಗ ಅರಿಶಿನ ಮೆತ್ತಿ ಸುಮ್ಮನಾದಳು. ಮೂರು ವರ್ಷ ಪಕ್ಕದಲ್ಲಿ ನಿಂತು ಆ ಪರೀಕ್ಷೆ ನೋಡಿದ್ದ ನಾನೂ ಒಂದು ದಿನ ಬಗ್ಗಿ ನೋಡಲಿಲ್ಲ. ವಾಸನೆ ಬಂದ ಮೇಲೆ ಹಾಸನಕ್ಕೆ ಓಡಿದೆವು. ಎರಡು ಬೆರಳು ತೆಗೆದರು.

ಈಗ ದಿನಾ ಬೆಳಿಗ್ಗೆ ಅವಳ ಕಾಲಿಗೆ ಪಟ್ಟಿ ಕಟ್ಟುವವಳು ನಾನೇ. ಮೊನ್ನೆ ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು, ಕಾಲು ನನ್ನ ಮಡಿಲಲ್ಲಿತ್ತು.

"ಎಲ್ಲೈದಾಳೋ ಆ ಮಹಾತಾಯಿ. ಹೇಳ್ದೆ ಕೇಳ್ದೆ ಓಡೋದ್ಲು. ಇದ್ದಿದ್ರೆ ನನ್ ಬೆರಳು ಹೋಗಕ್ಕೆ ಬಿಡ್ತಿದ್ಲಾ?"

"ಅವ್ರು ಓಡ್ಹೋಗ್ಲಿಲ್ಲ ದೊಡ್ಡಮ್ಮ" ಅಂದೆ. ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಅರ್ಜಿ, ಬೋರ್ಡು, ಫೋಟೋ, ಬಸ್ಸು, ಎಲ್ಲ ಹೇಳಿದೆ. ನಡುವೆ 'ಊರೋರು ಹೇಳಿದ್ರು' ಎಂದು ಒಮ್ಮೆ ಜಾರಿಕೊಳ್ಳಲು ನೋಡಿದೆ, ನನ್ನ ಕಿವಿಗೇ ಹೇಸಿಗೆಯಾಯಿತು.

ಅವಳು ಕಾಲನ್ನು ಹಿಂದೆಳೆದುಕೊಳ್ಳಲಿಲ್ಲ. ಸುಲಿಯುತ್ತಿದ್ದ ಕೈ ಮಾತ್ರ ನಿಂತಿತು.

"ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ಲು ಅಂದ್ಯಲ್ಲ, ಗೊತ್ತಿದ್ದೂ ಅರ್ಜಿ ಬರ್ದ್ಯೇನೇ?"