ಹೊರೆಗಲ್ಲೂ ಇಬ್ಬರು ಓರಗಿತ್ತಿಯರೂ

ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ನನ್ನ ಭಾಷಣ ಕೇಳಬೇಕೆಂದು ಯಾರೂ ಬಾಯಿ ಬಿಟ್ಟುಕೊಂಡು ಕಾದಿರಲಿಲ್ಲ. ಅಲ್ಲಿಗೆ ಬರುವುದು ಎರಡೇ ಬಗೆಯ ಜನ. ಪೇಪರ್ ಕೈಗೆ ಸಿಕ್ಕರೆ ಟೆಂಡರ್ ಜಾಹೀರಾತಿನವರೆಗೂ ಬಿಡದ ರಿಟೈರ್ಡ್ ಯಜಮಾನರು ಒಂದು ಕಡೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಬೆಳಗಿನಿಂದ ಸಂಜೆವರೆಗೆ ಓದುವ ಕಲಬುರಗಿ, ವಿಜಯಪುರದ ಕಡೆಯ ಹುಡುಗ ಹುಡುಗಿಯರು ಇನ್ನೊಂದು ಕಡೆ. ಮೊದಲನೆಯವರು ಯಾರ ಮಾತೂ ಕೇಳುವವರಲ್ಲ, ಎರಡನೆಯವರಿಗೆ ಕೇಳಲು ಪುರುಸೊತ್ತಿಲ್ಲ. ಆದರೂ ಒಂದು ದಿನ ಲೈಬ್ರರಿಯನ್ ನನ್ನನ್ನು ಹಿಡಿದು ನಿಲ್ಲಿಸಿ, "ಮೇಡಂ, ನೀವು ಹೈಸ್ಕೂಲಲ್ಲಿ ಸೋಷಿಯಲ್ ಹೇಳ್ಕೊಡ್ತೀರ, ಈ ಊರ ಸೊಸೆ ಬೇರೆ. ಭಾನುವಾರ ನಮ್ಮ ಕಲ್ಲಿನ ಬಗ್ಗೆ ಎರಡು ಮಾತಾಡಿ ಸಾಕು" ಎಂದರು.

ಕಲ್ಲು ಎಂದರೆ ದೊಡ್ಡ ಸ್ಮಾರಕವೆಂದು ತಿಳಿಯಬೇಡಿ. ಗೋವಿಂದರಾಜನಗರದಿಂದ ಮಾಗಡಿ ರೋಡಿಗೆ ಹೋಗುವ ತಿರುವಿನಲ್ಲಿ, ಟೀ ಅಂಗಡಿಯ ಪಕ್ಕ, ನೆಟ್ಟ ಎರಡು ಕಲ್ಲು, ಅವುಗಳ ಮೇಲೆ ಒಂದು ಅಡ್ಡ ಚಪ್ಪಡಿ. ಅಷ್ಟೇ. ಅದು ಹೊರೆಗಲ್ಲು. ಸೊಪ್ಪು, ಸೌದೆ, ತರಕಾರಿ ಹೊತ್ತು ಪೇಟೆಗೆ ನಡೆಯುತ್ತಿದ್ದವರು ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಹೊತ್ತುಕೊಂಡು ಹೋಗಲೆಂದು ಹಿಂದಿನವರು ನಿಲ್ಲಿಸಿದ್ದು. ಈಗ ಡೆಲಿವರಿ ಹುಡುಗರು ಊಟದ ಬ್ಯಾಗನ್ನು ಅದರ ಮೇಲಿಟ್ಟು ಟೀ ಕುಡಿಯುತ್ತಾರೆ. ಆಟೋದವರಿಗೆ, ಕೊರಿಯರ್‌ನವರಿಗೆ, ಲಗ್ನಪತ್ರಿಕೆ ಹಿಡಿದು ಬರುವ ನೆಂಟರಿಗೆ ನಾವೆಲ್ಲ ಹೇಳುವ ಗುರುತು ಒಂದೇ: "ಕಲ್ಲಿನ ಹತ್ರ ಬನ್ನಿ."

ನಾನು ಒಪ್ಪಿಕೊಂಡದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. ಸುಳ್ಳೇಕೆ ಹೇಳಲಿ, ಭಾನುವಾರ ಒಂದು ದಿನ ಮಲಗುವುದನ್ನು ಬಿಟ್ಟು ಇತಿಹಾಸ ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಒಪ್ಪಿಕೊಂಡದ್ದು ನಮ್ಮ ಅತ್ತೆ ಮತ್ತು ಚಿಕ್ಕತ್ತೆಯ ಸಲುವಾಗಿ.

ಚಿಕ್ಕತ್ತೆ ಎಂದರೆ ಅತ್ತೆಯ ಓರಗಿತ್ತಿ, ನಮ್ಮ ಮಾವನ ತಮ್ಮನ ಹೆಂಡತಿ. ನಮ್ಮ ಎದುರು ಮನೆ. ಇಬ್ಬರೂ ಈ ಊರು ಊರಾಗಿದ್ದಾಗ, ಸುತ್ತ ಹೊಲ ತೋಟಗಳಿದ್ದಾಗ ಸೊಸೆಯಂದಿರಾಗಿ ಬಂದವರು. ಇಬ್ಬರಿಗೂ ಮಾತಿಲ್ಲ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಿಂತುಹೋದ ಮಾತು. ಹಾಗೆಂದು ವಿಷಯಗಳು ನಿಲ್ಲಬೇಕಲ್ಲ? ಕಾವೇರಿ ನೀರು ಬಂದರೆ ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಾರೆ, ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದರೂ. "ನೀರು ಬಂತು ಕಣಮ್ಮಾ! ಸಂಪಿನ ಮುಚ್ಚಳ ತೆಗೀಬೇಕು ಅಂತ ಕೆಲವರಿಗೆ ಗೊತ್ತಾಗಲ್ಲ!" ಎದುರು ಮನೆಯ ಸಂಪಿನ ಮುಚ್ಚಳ ಸರಕ್ಕನೆ ಸರಿಯುತ್ತದೆ. ಅವರೇಕಾಳಿನ ಕಾಲದಲ್ಲಿ ಚಿಕ್ಕತ್ತೆ ನನ್ನ ಕೈಗೆ ಹಿತಕವರೆ ಸಾರಿನ ಪಾತ್ರೆ ಕೊಟ್ಟು, "ನಿಂಗೆ ಅಂತ ಕೊಡ್ತಿರೋದು, ಇನ್ಯಾರಾದ್ರೂ ತಿಂದ್ರೆ ನಾನೇನು ಮಾಡಕ್ಕಾಗುತ್ತೆ" ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಈ ಓರಗಿತ್ತಿಯರ ಜಗಳದಲ್ಲಿ ಕೂಸು ಎರಡೂ ಮನೆಯ ಸಾರು ಉಂಡು ದಪ್ಪಗಾಯಿತು.

ಜಗಳಕ್ಕೆ ಕಾರಣ ಟೊಮೇಟೊ. ಒಂದು ದಿನ ಇಬ್ಬರೂ ಟೊಮೇಟೊ ಮಂಕರಿ ಹೊತ್ತು ಪೇಟೆಗೆ ಹೊರಟಾಗ, ಅತ್ತೆಯ ತಲೆಯಿಂದ ಮಂಕರಿ ಇಳಿಸಲು ಚಿಕ್ಕತ್ತೆ ಕೈ ಕೊಟ್ಟರು. ಮಂಕರಿ ಬಿತ್ತು. ಟೊಮೇಟೊ ರಸ್ತೆ ತುಂಬ ಉರುಳಿತು, ಹಿಂದೆ ಬಂದ ಎತ್ತಿನಗಾಡಿ ಅದರ ಮೇಲೆ ಹಾದುಹೋಯಿತು. ಅತ್ತೆ ಹೇಳುವುದು: "ಅವಳು ಬೇಕಂತ ಕೈ ಬಿಟ್ಲು." ಚಿಕ್ಕತ್ತೆ ಹೇಳುವುದು: "ನಾನು ಹಿಡಿಯೋಕೆ ಮುಂಚೆನೇ ಅವಳು ಬಗ್ಗಿದ್ಲು." ಮನೆಯಲ್ಲಿ ಬೈಸಿಕೊಂಡದ್ದು ಇಬ್ಬರೂ. ಇಷ್ಟೇ ಕಥೆ. ಇದಕ್ಕೆ ಒಂದು ಇಡೀ ಜನ್ಮ!

ನಾನೂ ಸುಮ್ಮನಿದ್ದೆ. ಆದರೆ ಚಿಕ್ಕತ್ತೆಯ ಹಳೆ ಮನೆ ಕೆಡವಿ ಕಟ್ಟಿಸುವುದೆಂದು ತೀರ್ಮಾನವಾಯಿತು. ಅವರು ಕೆಂಗೇರಿಯ ಮಗಳ ಮನೆಗೆ ಹೊರಟರು, ಇನ್ನು ಅಲ್ಲಿಯೇ ಇರುವುದೆಂದು. ಬುಧವಾರ ಸಾಮಾನು ಸಾಗಿಸುವುದು. ಆ ಸುದ್ದಿ ಬಂದ ದಿನದಿಂದ ಅತ್ತೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವರು ಎದುರು ಮನೆ ನೋಡುತ್ತ ಚೊಂಬು ಹಿಡಿದು ನಿಂತುಬಿಡುತ್ತಿದ್ದರು. ಕೇಳಿದರೆ, "ಹೋಗ್ಲಿ ಬಿಡು, ಪೀಡೆ ತೊಲಗಿತು" ಎನ್ನುವುದು. ಹಾಗೆಂದ ದಿನ ರಾಗಿ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಬುಧವಾರದ ಒಳಗೆ ಇವರಿಬ್ಬರೂ ಒಂದೇ ಒಂದು ಮಾತಾಡಬೇಕು, ಅದು ಬೈಗುಳವಾದರೂ ಸರಿ, ಎಂದು ಹಟ ಹಿಡಿದೆ.

ಹೊರೆಗಲ್ಲಿನಲ್ಲಿ ನಿಜವಾಗಿ ಹೊರೆ ಇಳಿಸಿದವರು ಎಂದು ಇಬ್ಬರನ್ನೂ ಸನ್ಮಾನಕ್ಕೆ ಕರೆಯುವ ಉಪಾಯ ನನ್ನದೇ. ಅತ್ತೆಗೆ ಹೇಳಿದೆ: "ಚಿಕ್ಕತ್ತೆ ಬರಲ್ವಂತೆ." ಎದುರು ಮನೆಗೆ ಹೋಗಿ ಹೇಳಿದೆ: "ಅತ್ತೆ ಬರಲ್ವಂತೆ." ಇಬ್ಬರೂ ಒಡನೆಯೇ ಬರುತ್ತೇನೆಂದರು. ಇನ್ನೊಬ್ಬರು ಇಲ್ಲದ ಕಡೆ ತಮ್ಮ ಕಡೆಯ ಕಥೆ ಹೇಳುವ ಅವಕಾಶ ಯಾರು ಬಿಡುತ್ತಾರೆ?

ಭಾನುವಾರ ಬಂತು. ಇಬ್ಬರೂ ರೇಷ್ಮೆ ಸೀರೆಯುಟ್ಟು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದರು, ಒಬ್ಬರನ್ನೊಬ್ಬರು ಕಂಡರು, ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಅಬ್ಬಬ್ಬಾ, ಆ ನೋಟ! ಮನೆಗೆ ಹೋದ ಮೇಲೆ ನನಗಿದೆ ಎಂದುಕೊಂಡು ಫ್ಯಾನ್ ಕಡೆ ನೋಡಿದೆ. ಮುಂದಿನ ಸಾಲಿನಲ್ಲಿ ನಡುವೆ ಒಂದು ಕುರ್ಚಿ ಬಿಟ್ಟು ಕೂತರು.

ನಮ್ಮ ಸಭೆಗಳ ವಿಷಯ ನಿಮಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ದೀಪ. ಫ್ಯಾನ್ ಹಾಕಿದರೆ ದೀಪ ಆರುತ್ತದೆ, ಫ್ಯಾನ್ ನಿಲ್ಲಿಸಿದರೆ ಜನ ಬೇಯುತ್ತಾರೆ. ಅಧ್ಯಕ್ಷರು, ಪೇಪರ್ ಯಜಮಾನರಲ್ಲೇ ಹಿರಿಯರು, ಹೊರೆಗಲ್ಲನ್ನು ಬಿಟ್ಟು ಮಿಕ್ಕ ಎಲ್ಲದರ ಬಗ್ಗೆ ಮಾತಾಡಿದರು, ಮೆಟ್ರೋ ಬಗ್ಗೆ ಎರಡು ಸಲ. ಇಬ್ಬರು ಅಜ್ಜಿಯರಿಗೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ನನ್ನ ಸರದಿ ಬರುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಇಬ್ಬರು ಯಜಮಾನರು ನಿದ್ದೆ ಹೋಗಿದ್ದರು, ಒಬ್ಬರು ಪೇಪರ್ ಬಿಚ್ಚಿಕೊಂಡಿದ್ದರು.

ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ಚೆನ್ನಾಗಿಯೇ ಓದಿದೆ, ಯಾರು ಏನೇ ಹೇಳಲಿ. "ಈ ಕಲ್ಲು ಇಲ್ಲದಿದ್ದರೆ ಈ ಊರಿನ ಹೆಂಗಸರು ಪೇಟೆ ಮುಟ್ಟುತ್ತಿರಲಿಲ್ಲ" ಎಂದಾಗ ನನಗೇ ರೋಮಾಂಚನವಾಯಿತು. ಆಗ ಪರೀಕ್ಷೆಯ ಗೈಡ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕಲಬುರಗಿಯ ಹುಡುಗಿ ಎದ್ದಳು.

"ಮೇಡಮ್ಮಾರ, ಆ ಕಲ್ಲು ನನ್ನ ಸೊಂಟದ ಮಟ್ಟಾನೂ ಇಲ್ಲಲ್ರೀ. ತಲಿ ಮ್ಯಾಲಿಂದು ಅದರ ಮ್ಯಾಲ ಹೆಂಗ ಇಳಸ್ತಿದ್ರು?"

ಒಳ್ಳೆಯ ಪ್ರಶ್ನೆ. ಕಲ್ಲು ಆಗ ತಲೆಯ ಮಟ್ಟಕ್ಕೇ ಇತ್ತು, ಚುನಾವಣೆಗೊಂದು ಸಲ ಟಾರು ಹಾಕಿ ಹಾಕಿ ರಸ್ತೆಯೇ ಮೇಲೆ ಬಂದು ಕಲ್ಲನ್ನು ನುಂಗಿದೆ ಎಂದು ಹೇಳಿದೆ. ಜನ ನಕ್ಕರು. ನಿದ್ದೆಯ ಯಜಮಾನರೊಬ್ಬರು ಎದ್ದು ಕೂತರು. ಆದರೆ ಹುಡುಗಿ ಬಿಡಲಿಲ್ಲ. "ನೀವಂತೂ ಹೊತ್ತಿಲ್ಲ ಬಿಡ್ರಿ. ಹೊತ್ತವರು ಇಲ್ಲೇ ಕುಂತಾರಲ್ಲ, ಅಜ್ಜಿ ಹೇಳ್ಲಿ."

ಮೈಕು ಅತ್ತೆಯ ಕೈಗೆ ಹೋಯಿತು. ಅತ್ತೆ ಅದನ್ನು ಸೌಟಿನ ಹಾಗೆ ಹಿಡಿದುಕೊಂಡರು.

"ಇವಳು ಚೆನ್ನಾಗಿ ಓದಿದ್ಲು, ನಮ್ ಸೊಸೆ. ಆದ್ರೆ ಅದೆಲ್ಲ ಸುಳ್ಳು" ಎಂದರು.

ಸಭೆಯೆಲ್ಲ ಎಚ್ಚರವಾಯಿತು. ಪೇಪರ್ ಮಡಚುವ ಸದ್ದು ಕೇಳಿತು.

"ನಾವು ಆ ಕಲ್ಲಿನ ಹತ್ರಕ್ಕೇ ಹೋಗ್ತಿರಲಿಲ್ಲ. ಯಾಕೆ ಹೋಗ್ಬೇಕು? ನಂದು ಅವಳು ಇಳಿಸೋಳು, ಅವಳದು ನಾನು ಇಳಿಸ್ತಿದ್ದೆ. ಹುಣಸೆಮರದ ಕೆಳಗೆ ಕೂತು ಎಲೆ ಅಡಿಕೆ ಹಾಕ್ಕೊಂಡು ಹೋಗ್ತಿದ್ವಿ. ಕಲ್ಲು ಇದ್ದಿದ್ದು ಒಂಟಿಯಾಗಿ ಬರೋರಿಗೆ." ಅತ್ತೆ ಮೈಕನ್ನು ಸ್ವಲ್ಪ ಕೆಳಗಿಳಿಸಿದರು. "ಜಗಳ ಆಯ್ತಲ್ಲ, ಆಮೇಲೆ ನಂಗೂ ಬೇಕಾಯ್ತು ಕಲ್ಲು."

ಚಿಕ್ಕತ್ತೆ ಶಾಲಿನ ತುದಿಯ ಗೊಂಡೆ ಎಳೆಯುತ್ತ ನೆಲ ನೋಡುತ್ತಿದ್ದರು. ನನ್ನ ಭಾಷಣ ಮಣ್ಣುಪಾಲಾದದ್ದಕ್ಕೆ ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ.

ಅತ್ತೆ ತಕ್ಷಣ ಮಾತು ತಿರುಗಿಸಿದರು. "ಹೊತ್ತು ತೋರಿಸ್ಲಾ? ಏನಯ್ಯ, ಒಂದು ಗಂಟು ಕೊಡು" ಎಂದು ಲೈಬ್ರರಿಯನ್ ಕಡೆ ಕೈ ಚಾಚಿದರು. ರದ್ದಿಗೆ ಕಟ್ಟಿಟ್ಟಿದ್ದ ಹಳೇ ಪೇಪರಿನ ಗಂಟೊಂದು ಬಂತು. ಅತ್ತೆ ಸನ್ಮಾನದ ಶಾಲನ್ನೇ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡರು. ಅಧ್ಯಕ್ಷರು ಶಾಲಿನ ಗತಿ ನೋಡಿ ಕಣ್ಣು ಮುಚ್ಚಿಕೊಂಡರು. ಲೈಬ್ರರಿಯನ್ ಗಂಟನ್ನು ಎತ್ತಿ ತಲೆಯ ಮೇಲಿಟ್ಟರು. ನಾನು ಬೇಡ ಎನ್ನುವುದರೊಳಗೆ ಅತ್ತೆ ಬೆನ್ನು ನೆಟ್ಟಗೆ ಮಾಡಿ, ಕೈ ಬಿಟ್ಟು, ಕಪಾಟುಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದರು. ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಹೆಂಗಸು! ಹುಡುಗರು ಶಿಳ್ಳೆ ಹಾಕಿದರು.

ನಡೆದದ್ದೇನೋ ಆಯಿತು, ಇಳಿಸಬೇಕಲ್ಲ? ಅಲ್ಲಿ ಕಲ್ಲಿಲ್ಲ. ಮೇಜು ತಗ್ಗು, ಕಪಾಟು ಎತ್ತರ. ಅತ್ತೆಯ ಕುತ್ತಿಗೆ ನಡುಗತೊಡಗಿತು. ಲೈಬ್ರರಿಯನ್ ಮುಂದೆ ಬಂದರು. "ನೀನು ಬಿಡಯ್ಯ, ನಿಂಗೆ ಗೊತ್ತಾಗಲ್ಲ." ನಾನು ಓಡಿದೆ. "ನೀನೂ ಬೇಡ." ಹಾಗೆಯೇ ನಿಂತರು, ಯಾರ ಕಡೆಗೂ ನೋಡದೆ, ಗಂಟು ಹೊತ್ತುಕೊಂಡು. ಬಿದ್ದು ಸೊಂಟ ಮುರಿದುಕೊಂಡರೆ ಈ ಉಪಾಯದ ಪಾಪ ಯಾರ ತಲೆಗೆ?

ಮುಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಚಿಕ್ಕತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿರ ಬಂದು, ಎದುರಿಗೆ ನಿಂತು, ಎರಡೂ ಕೈಯನ್ನು ಗಂಟಿನ ಕೆಳಗೆ ಕೊಟ್ಟರು.

"ಅಕ್ಕಾ, ನಾನು ಹೇಳೋಗಂಟ ಬಗ್ಗಬ್ಯಾಡ."

"ನೀನು ಕೈ ಬಿಡಬ್ಯಾಡ."

"ಹೂಂ. ಈಗ."

ಅತ್ತೆ ಬಗ್ಗಿದರು. ಚಿಕ್ಕತ್ತೆ ಬಿಡಲಿಲ್ಲ. ಗಂಟು ಇಬ್ಬರ ಕೈಯಲ್ಲಿ ನಿಧಾನವಾಗಿ ಇಳಿದು ಮೇಜಿನ ಮೇಲೆ ಕೂತಿತು. ಜನ ಚಪ್ಪಾಳೆ ಹೊಡೆದರು. ಕೈ ಮಾತ್ರ ಇಬ್ಬರೂ ಗಂಟಿನ ಮೇಲೇ ಇಟ್ಟುಕೊಂಡಿದ್ದರು.

"ನೋಡಿದ್ಯಾ? ಆವತ್ತೂ ಹಿಂಗೇ ಹೇಳಿದ್ದೆ, ನೀನು ಕೇಳಲಿಲ್ಲ" ಎಂದರು ಚಿಕ್ಕತ್ತೆ.

"ಏನ್ ಹೇಳಿದ್ದೆ? ಬಾಯೇ ಬಿಡಲಿಲ್ಲ ನೀನು! ಬಾಯ್ತುಂಬ ಎಲೆ ಅಡಿಕೆ!"

ವಂದನಾರ್ಪಣೆ ಯಾರು ಮಾಡಿದರೋ, ರಾಷ್ಟ್ರಗೀತೆಗೆ ಇಬ್ಬರೂ ಎದ್ದು ನಿಂತರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕಪಾಟಿನ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಹೊರಗೆ ಬಂದಾಗ ಇಬ್ಬರೂ ಆಗಲೇ ಮುಂದೆ ಹೊರಟುಬಿಟ್ಟಿದ್ದರು. ಅತ್ತೆ ಚಿಕ್ಕತ್ತೆಯ ಮೊಣಕೈ ಹಿಡಿದಿದ್ದರು, ಚಿಕ್ಕತ್ತೆ ಇನ್ನೊಂದು ಕೈ ಆಡಿಸುತ್ತ ಎತ್ತಿನಗಾಡಿ ಯಾವ ಕಡೆಯಿಂದ ಬಂತೆಂದು ವಾದಿಸುತ್ತಿದ್ದರು. ಹಣ್ಣಿನ ಬುಟ್ಟಿಗಳು ಎರಡೂ ನನ್ನ ಪಾಲಿಗೆ. ಜೊತೆಗೆ ನನ್ನ ಬ್ಯಾಗು, ಅತ್ತೆಯ ಶಾಲು, ಯಾರಿಗೂ ಬೇಡವಾದ ನನ್ನ ಭಾಷಣ. "ಅತ್ತೆ, ನಿಲ್ಲಿ! ಚಿಕ್ಕತ್ತೆ!" ಎಂದು ಕೂಗಿದೆ. ಇಬ್ಬರೂ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ನನ್ನ ಬಾಯಿಯಿಂದಲೇ ಮಾತಾಡಿದವರಿಗೆ ಈಗ ನಾನು ಬೇಕಿರಲಿಲ್ಲ. ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ತಿರುವಿಗೆ ಬರುವಷ್ಟರಲ್ಲಿ ಕೈ ಸೋತುಹೋಯಿತು. ಕಲ್ಲಿನ ಮೇಲೆ ಡೆಲಿವರಿ ಹುಡುಗನೊಬ್ಬನ ಬ್ಯಾಗಿತ್ತು. "ಬರ್ರಿ ಆಂಟಿ, ಜಾಗ ಐತಿ" ಎಂದು ಅವನು ಬ್ಯಾಗನ್ನು ಪಕ್ಕಕ್ಕೆ ಸರಿಸಿದ. ಎರಡೂ ಬುಟ್ಟಿಗಳನ್ನು ಕಲ್ಲಿನ ಮೇಲಿಟ್ಟು, ಒಂದು ಟೀ ಹೇಳಿದೆ.